ಟೈಲ್ಸಕ್ಕನ ಲಿಸ್ಬನ್

“ಲಿಸ್ಬನ್ ಅಷ್ಟು ದೂರ ಹೋಗಿ ನೋಡೋವಂಥ ಊರೇ ಅಲ್ಲ ಅಕ್ಕ” ಎಂದು ಟೈಲ್ಸಕ್ಕನ ತಮ್ಮ ಟ್ರಾವೆಲ್ಸ್ ಕಚೇರಿಯ ಮೇಜಿನ ಮೇಲೆ ಕಾಗದ ಹರಡಿದ. ಅಕ್ಕ ಟಿಕೆಟ್ ಮಾಡಿಸಲು ಬಂದಿದ್ದಳು. ಅದನ್ನು ತಪ್ಪಿಸಲು ಅವನು ಬೆನ್ನಿಗೇ ಬಂದಿದ್ದ. ಊರೆಲ್ಲ ಏರು, ಇಳಿಜಾರು. ಎರಡು ದಿನಕ್ಕೆ ನೋಡಿ ಮುಗಿಯುತ್ತದೆ. ಬೀದಿಬದಿಯ ಕಲ್ಲುಹಾಸು ಕೊಂಚ ಒದ್ದೆಯಾದರೂ ಜಾರುತ್ತದೆ. ಹೋಗಿಬಂದವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನೆಲ್ಲ ಅವನು ಆರಿಸಿ ಇಳಿಸಿಕೊಂಡಿದ್ದ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ಕೆಂಪು ಶಾಯಿಯ ಗೆರೆ ಎಳೆಯದೆ ಬಿಟ್ಟಾನೆಯೇ? ‘ಜಾರುತ್ತದೆ’ ಎಂಬುದರ ಕೆಳಗೆ ಎರಡೆರಡು ಗೆರೆ ಇದ್ದವು.

ಅಕ್ಕನನ್ನು ಎಲ್ಲರೂ ಕರೆಯುತ್ತಿದ್ದುದು ಟೈಲ್ಸಕ್ಕ ಎಂದೇ. ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸದಲ್ಲಿ ನಲವತ್ತು ವರ್ಷ ಸವೆಸಿ, ಜೊತೆಗೆ ಎರಡು ಮೊಣಕಾಲನ್ನೂ ಸವೆಸಿ, ಹೋದ ವರ್ಷವಷ್ಟೇ ಸುತ್ತಿಗೆ ಕೆಳಗಿಟ್ಟಿದ್ದಳು. ಈ ಕಚೇರಿಯ ನೆಲವೂ ಅವಳ ಕೈಯದೇ, ಈಗಿನ ಏಜೆಂಟನ ಅಪ್ಪನ ಕಾಲದ್ದು. ಆದರೂ ಒಳಗೆ ಬರುವಾಗ ಗೋಡೆ ಸವರಿಕೊಂಡೇ ಬಂದಿದ್ದಳು. ನೆಲ ಹಾಕುವವರು ಒಳಗಿನ ಗೋಡೆಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರುತ್ತಾರೆ. ಕೊನೆಯ ಟೈಲ್ಸ್ ಕೂತಾಗ ಅವರು ಹೊಸ್ತಿಲಾಚೆ ಇರುತ್ತಾರೆ. ಆಮೇಲೆ ಒಳಗೆ ಬಾ ಎಂದು ಕರೆದವರು ಕಡಿಮೆ. ಕರೆದರೂ, ಸಿಮೆಂಟು ಮೆತ್ತಿದ ಕಾಲು ನಡುಮನೆಗೆ ಬಂದರೆ ಯಜಮಾನರ ಮುಖ ಗಂಟಾಗುತ್ತಿತ್ತು. ಹಾಗಾಗಿ ಅಂಚು ಹಿಡಿದು ನಡೆಯುವುದು ಅವಳ ಕಾಲಿಗೆ ರೂಢಿಯಾಗಿಬಿಟ್ಟಿತ್ತು.

ಏಜೆಂಟ್ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. ಲಿಸ್ಬನ್ ಕೆಟ್ಟದ್ದೇನಲ್ಲ, ಆದರೆ ಮೊದಲ ಸಲ ಹೋಗುವವರು ಪ್ಯಾರಿಸ್ ನೋಡುತ್ತಾರೆ, ರೋಮ್ ನೋಡುತ್ತಾರೆ. ಗುಂಪಿನ ಜೊತೆ ಹೋದರೆ ಬಸ್ಸು ಬಾಗಿಲಿಗೇ ಬರುತ್ತದೆ, ನೆಲಕ್ಕೆ ಕಾಲಿಡುವ ತೊಂದರೆಯೇ ಇಲ್ಲ ಎಂದ. ತಮ್ಮ ತಲೆದೂಗಿದ. ನಿವೃತ್ತನಾದ ವರ್ಷ ಅವನೂ ಅಂಥದೇ ಗುಂಪಿನಲ್ಲಿ ಆರು ರಾಜಧಾನಿ ಸುತ್ತಿ ಬಂದಿದ್ದ. ಅಲ್ಲೆಲ್ಲ ನೆಲ ಹೇಗಿತ್ತೋ ಎಂದು ಅಕ್ಕ ಆಸೆಯಿಂದ ಕೇಳಿದ್ದಕ್ಕೆ ಅವನಿಗೆ ಒಂದು ಊರಿನದೂ ನೆನಪಾಗಿರಲಿಲ್ಲ.

“ದೂರದ ಬೆಟ್ಟ ನುಣ್ಣಗೆ ಕಾಣುತ್ತೆ ಅಕ್ಕ.”

“ನುಣ್ಣಗಿದೆಯೋ ಇಲ್ವೋ ಅಂತ ಕೈಯಿಟ್ಟು ನೋಡೋದೇ ಅಲ್ವೇನೋ ನನ್ನ ಕಸುಬು?”

ಅವಳು ಚೀಲದಿಂದ ಮಡಿಚಿದ ಹಾಳೆಯೊಂದನ್ನು ತೆಗೆದು ತಮ್ಮನ ಕಾಗದದ ಮೇಲೇ ಬಿಡಿಸಿಟ್ಟಳು. ಟೈಲ್ಸ್ ಅಂಗಡಿಯ ಗೋಡೆಯಿಂದ ಕೇಳಿ ತಂದಿದ್ದ ಹಳೆಯ ಕ್ಯಾಲೆಂಡರಿನ ಚಿತ್ರ ಅದು. ಲಿಸ್ಬನ್ನಿನ ಬೀದಿ, ಹಿಡಿಯಲ್ಲಿ ಹಿಡಿಸುವಂಥ ಕಪ್ಪು ಬಿಳಿ ಕಲ್ಲುಗಳನ್ನು ಒಂದೊಂದಾಗಿ ಕೂರಿಸಿ ಹಾಸಿದ ನೆಲ. ಆ ನೆಲದ ಮೇಲೆ ಕಂಚಿನ ಇಬ್ಬರು ಕೆಲಸಗಾರರು. ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಬಗ್ಗಿ ಕಲ್ಲು ಕೂರಿಸುತ್ತಿದ್ದಾನೆ.

“ರಾಜರ ಪ್ರತಿಮೆ ಎಲ್ಲ ಊರಲ್ಲೂ ಇರುತ್ತೆ” ಎಂದಳು. “ಇವನಿಗೆ ಕುದುರೆ ಇಲ್ಲ, ಕತ್ತಿ ಇಲ್ಲ. ನನ್ನ ಹಾಗೇ ಬಗ್ಗಿದಾನೆ. ನೆಲ ಹಾಕೋನ ಪ್ರತಿಮೆ ಇಟ್ಟಿರೋ ಊರು ನೋಡೋಕೆ ಯೋಗ್ಯ ಅಲ್ಲ ಅಂತ ಇನ್ನೊಂದು ಸಲ ಹೇಳು, ಕೇಳ್ತೀನಿ.”

ತಮ್ಮ ಚಿತ್ರದಡಿಯಿಂದ ತನ್ನ ಕಾಗದ ಎಳೆದುಕೊಂಡ. ಅಮ್ಮ ಹೋದ ಮೇಲೆ ಅವನನ್ನು ಸಾಕಿ ಓದಿಸಿದವಳು ಇವಳು. ಕೈ ಕೆಸರು ಅಕ್ಕನದು, ಬಾಯಿ ಮೊಸರು ತಮ್ಮನದು ಎಂದು ನೆಂಟರು ಆಡಿಕೊಂಡರೂ ಅವಳು ಒಂದು ದಿನವೂ ಎತ್ತಿ ಆಡಿದವಳಲ್ಲ. ಇವತ್ತೂ ಆಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಕೊನೆಗೆ, ಕಾಗದದಲ್ಲಿ ಬರೆಯದೆ ಬಿಟ್ಟಿದ್ದ ನಿಜವಾದ ಕಾರಣ ಹೊರಬಂತು.

“ಬಿದ್ದರೆ? ಅಲ್ಲಿ ಯಾರಿದಾರೆ ನಿನಗೆ?”

ಅವನ ಭಯ ಅವಳಿಗೆ ಅರ್ಥವಾಯಿತು. ಆದರೆ ಮನಸ್ಸು ಬಗ್ಗಲಿಲ್ಲ.

“ಬಿದ್ರೆ ನೆಲದ ಮೇಲೇ ತಾನೇ ಬೀಳೋದು? ನೆಲಕ್ಕೂ ನನಗೂ ಹೊಸ ಪರಿಚಯವೇನೋ?” ಎಂದು ಅವನ ಬೆನ್ನು ತಟ್ಟಿ, ಏಜೆಂಟನ ಕಡೆ ತಿರುಗಿದಳು. ಒಂದೇ ಊರು, ಹತ್ತು ದಿನ, ಗುಂಪು ಬೇಡ, ಬಸ್ಸಂತೂ ಬೇಡವೇ ಬೇಡ ಎಂದಳು. ಏಜೆಂಟ್ ತಮ್ಮನ ಮುಖ ನೋಡಿದ. ತಮ್ಮ ಕೆಂಪು ಗೆರೆಯ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, ಜಾರದಂಥ ಬೂಟು ಎಲ್ಲಿ ಸಿಗುತ್ತದೆ ಎಂದು ಅವನನ್ನೇ ಕೇಳಿದ.

ಎಲ್ಲ ಬರೆಸಿ ಅಕ್ಕ ಎದ್ದಳು. ಬಂದ ಹಾಗೆ ಗೋಡೆ ಸವರಿಕೊಂಡು ಹೋಗಲಿಲ್ಲ. ಕಚೇರಿಯ ನಟ್ಟನಡುವೆ, ಒಂದೊಂದು ಟೈಲ್ಸಿನ ಮೇಲೂ ಹೆಜ್ಜೆ ಊರುತ್ತ ಬಾಗಿಲ ಕಡೆ ನಡೆದಳು. ಅರ್ಧ ದಾರಿಯಲ್ಲಿ ನಿಂತು ಹಿಮ್ಮಡಿಯಿಂದ ಎರಡು ಸಲ ಕುಟ್ಟಿದಳು. ಉಳಿದವೆಲ್ಲ ಗಟ್ಟಿಯಾಗಿದ್ದರೆ ಇದೊಂದು ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿತು.

“ಇದು ಟೊಳ್ಳು. ಅಡಿಯಲ್ಲಿ ಗಾರೆ ತುಂಬಿಲ್ಲ” ಎಂದಳು ಏಜೆಂಟನಿಗೆ. “ಅವತ್ತು ನಿಮ್ಮಪ್ಪ ಬೇಗ ಮುಗಿಸು ಅಂದ್ರು, ನಾನೂ ಅವರ ಮಾತು ಕೇಳಿಬಿಟ್ಟೆ. ಎತ್ತಿ ಕೂರಿಸೋಕೆ ಬೇರೆ ಯಾರನ್ನಾದ್ರೂ ಕರೀಪ್ಪ. ನಾನು ಊರಲ್ಲಿರಲ್ಲ.”