ರೋಡಿನ ತನಕ

ಹರಳೆಣ್ಣೆ ಬಿಸಿಯಾದ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ಮಾವನಹಳ್ಳದ ಶಾಲೆಯ ಜಗಲಿ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಮಸಿನಗುಡಿ ಸುತ್ತಲ ಊರುಗಳಿಗೆ ಒಂದು ಆಂಬುಲೆನ್ಸ್ ಕೊಳ್ಳಲು ಹಣ ಕೂಡಿಸಬೇಕೆಂದು ಕೂನೂರಿನಿಂದ ಮೂರು ದಿನದ ಕಾಲ್ನಡಿಗೆ ಹೊರಟಿತ್ತು. ಅಮ್ಮನ ಜೊತೆ ನಾನೂ ಹೋಗಿದ್ದೆ. ಎರಡನೆಯ ದಿನ ಕಲ್ಲಟ್ಟಿ ಘಾಟಿ ಇಳಿದು, ಇನ್ನೂ ಬಿಸಿಲಿರುವಾಗಲೇ ಆ ಶಾಲೆಯಲ್ಲಿ ತಂಗಿದೆವು. ತರಗತಿಗಳಲ್ಲಿ ಜಮಖಾನ ಹಾಸಿದ್ದರು, ಅಂಗಳದಲ್ಲಿ ಅನ್ನ ಬೇಯುತ್ತಿತ್ತು. ಅಮ್ಮನ ಎರಡೂ ಪಾದಗಳಲ್ಲಿ ಬೊಬ್ಬೆ ಎದ್ದಿತ್ತು.

ಶಿಬಿರಕ್ಕೆ ನೀರು ಹೊರಲು ಬಂದಿದ್ದ ಮಾದಮ್ಮ ಕಾಡಂಚಿನ ಬುಡಕಟ್ಟಿನವರ ಹಾಡಿಯವಳು. ಅಮ್ಮನ ಕಾಲು ನೋಡಿದವಳೇ ಹರಳೆಣ್ಣೆ ಬಿಸಿಮಾಡಿ ತಂದಳು. ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಒರಟು ಬೆರಳುಗಳಿಂದ ಮೆಲ್ಲಗೆ ಸವರುತ್ತಾ ಕೇಳಿದಳು: “ಆ ಗಾಡಿ ನಮ್ಮ ಹಾಡಿಗೂ ಬರುತ್ತಾ, ಅಮ್ಮಾ?”

“ಬರುತ್ತಕ್ಕಾ,” ಎಂದಳು ಅಮ್ಮ.

ನಡಿಗೆಯ ಮುಂದಾಳಾಗಿದ್ದ ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. “ಹಾಡಿಗೆ ರೋಡ್ ಇಲ್ವಲ್ಲ. ಟಾರ್ ರೋಡ್ ಎಲ್ಲೀ ತನಕ ಇದೆಯೋ ಅಲ್ಲೀ ತನಕ ಬರುತ್ತೆ,” ಎಂದು ತಲೆ ತಗ್ಗಿಸಿದರು.

ಮಾದಮ್ಮ ಬೆರಳಿಗೆ ಇನ್ನಷ್ಟು ಎಣ್ಣೆ ಹಚ್ಚಿಕೊಂಡಳು. “ಹೋದ ಮಳೆಗಾಲ ನನ್ನ ಮಗಳನ್ನ ರೋಡ್ ತನಕ ಎತ್ಕೊಂಡು ಬಂದಿದ್ವಿ. ಗಾಡಿ ಸಿಗಲೇ ಇಲ್ಲ. ಅಲ್ಲೇ ಹೋಗ್ಬಿಟ್ಟಳು,” ಎಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ, “ಪರವಾಗಿಲ್ಲ ಸಾರ್. ರೋಡ್ ತನಕ ನಾವೇ ಎತ್ಕೊಂಡು ಬರ್ತೀವಿ. ಅಲ್ಲಿ ಗಾಡಿ ಇದ್ರೆ ಸಾಕು,” ಎಂದಳು.

ಅಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಮಾದಮ್ಮ ಬಿಡಲಿಲ್ಲ.

“ಇನ್ನೊಂದು ಕಾಲೂ ಕೊಡಿ, ನಾಳೆ ನಡೀಬೇಕಲ್ಲ,” ಎಂದು ಕೈ ಚಾಚಿದಳು.