ಅವ್ವನಿಗೆ ಹಿಡಿದ ಸೀಟು

"ನಾನು ಜುಲು ಮಾತಲ್ಲಿ ಕೂಗಿದ್ರೆ ಸತ್ತ ಮೊಸಳೆನೂ ಎದ್ದು ಹಿಂದೆ ಬರ್ತದೆ ಅತ್ತೆ!" ಎನ್ನುತ್ತ ಭೆಕುಮುಜಿ ಮುಳ್ಳುಕೊಂಬೆ ಹಿಡಿದು ಗುಡಿಸಲೊಳಗೆ ಕಾಲಿಟ್ಟ. ಜೊಹಾನ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ತೀರಿಕೊಂಡ ಅವ್ವನ ಆತ್ಮವನ್ನು ಜುಲು ಜನರ ಪದ್ಧತಿಯಂತೆ ಆ ಕೊಂಬೆಯಲ್ಲಿ ಊರಿಗೆ ಕರೆತರಲು ಹೋಗಿದ್ದ. ವ್ಯಾನಿನಲ್ಲಿ ಅವಳಿಗೂ ಒಂದು ಸೀಟು ಹಿಡಿದಿದ್ದ. ಪ್ರತಿ ನದಿಯ ಹತ್ತಿರವೂ ಕುಲದ ಹೆಸರುಗಳನ್ನು ಹೇಳಿ ಕರೆಯಬೇಕು, ಇಲ್ಲದಿದ್ದರೆ ಸತ್ತವರು ದಡದಲ್ಲೇ ಉಳಿದುಬಿಡುತ್ತಾರೆ.

"ಥುಕೇಲಾ ನದಿ ಹತ್ರ ಕರೆದ್ಯಾ?" ಕೇಳಿದಳು ಅತ್ತೆ ಥೊಕೊಜಿಲೆ.

"ಸೇತುವೆನೇ ಗಡಗಡ ನಡುಗ್ತು!"

"ಬಡಾಯಿ ಸಾಕು. ಮನೆ ಬಂತು ಅಂತ ಈಗ ಅವಳನ್ನ ಕರೆದು ಹೇಳು."

ಮೂಲೆಯಲ್ಲಿ ಅವ್ವನ ಚಾಪೆ ಹಾಸಿತ್ತು. ಭೆಕುಮುಜಿ ಬಾಯಿ ತೆರೆದ. ಇಪ್ಪತ್ತು ವರ್ಷ ಪೇಟೆಯ ಇಂಗ್ಲಿಷಿನಲ್ಲಿ ಹೊರಳಿದ ನಾಲಿಗೆ ಮೇಲೇಳಲಿಲ್ಲ.

"ನದಿ ಹತ್ರ ಒಂದು ಹೆಸರೂ ನೆನಪಾಗ್ಲಿಲ್ಲ ಅತ್ತೆ. ಇಂಗ್ಲಿಷಲ್ಲೇ ಕರೆದೆ. ಅವ್ವನಿಗೆ ಅದು ಬರ್ತಿರ್ಲಿಲ್ಲ, ಅಲ್ವಾ? ನದಿ ದಾಟಿದ ಮೇಲೆ ಕೊಂಬೆ ಹಗುರ ಆಗ್ಬಿಡ್ತು."