ಆವೆಮಣ್ಣಿನ ಮೆರವಣಿಗೆ

"ಇದು ನಾನಾ? ನಾನು ಕೈ ಎತ್ತಿದ್ದೇ ಇಲ್ಲ ಮಗಾ," ಎಂದರು ಹರಿಣಾಕ್ಷಿ.

ಗೇರು ತೋಟಕ್ಕೆ ಸುರಿದು ಊರಿನ ಮಕ್ಕಳ ಕೈಕಾಲು ಊನ ಮಾಡಿದ ಕೀಟನಾಶಕ ವಿಷದ ವಿರುದ್ಧ ತಾಯಂದಿರು ಹೂಡಿದ ಹೋರಾಟವನ್ನು ಸುಪ್ರೀತಾ ಟೀಚರ್ ಮಕ್ಕಳಿಂದ ಆವೆಮಣ್ಣಿನ ಗೊಂಬೆ ಮಾಡಿಸಿ ಕಲಿಸುತ್ತಿದ್ದರು. ಅಂದು ಮೆರವಣಿಗೆಯ ಮುಂದೆ ನಡೆದಿದ್ದ ಹರಿಣಾಕ್ಷಿಯನ್ನೇ ಇಂದು ತರಗತಿಗೆ ಕರೆಸಿದ್ದರು. ವಿದ್ಯಾರ್ಥಿನಿ ಪೂಜಾಶ್ರೀ ಮಾಡಿದ ಹರಿಣಾಕ್ಷಿಯ ಗೊಂಬೆಯೂ ಉಳಿದವರ ಗೊಂಬೆಗಳಂತೆ ಮುಷ್ಟಿ ಎತ್ತಿ ನಿಂತಿತ್ತು.

"ಘೋಷಣೆ ಕೂಗುವಾಗ ಕೂಡ ಎತ್ತಲಿಲ್ವಾ ಅಜ್ಜಿ?"

"ಎತ್ತುವುದು ಹೇಗೆ? ಎರಡೂ ಕೈಯಲ್ಲಿ ಮಗ ಇದ್ದನಲ್ಲ. ಅವನಿಗೆ ನಡೀಲಿಕ್ಕೆ ಆಗ್ತಿರಲಿಲ್ಲ."

ಪೂಜಾಶ್ರೀ ಗೊಂಬೆಯ ತೋಳುಗಳನ್ನು ಮೆಲ್ಲಗೆ ಇಳಿಸಿ, ನೆಲ್ಲಿಕಾಯಿ ಗಾತ್ರದ ಕೂಸೊಂದನ್ನು ಮಾಡಿ ಅವುಗಳ ಮೇಲೆ ಮಲಗಿಸಿದಳು. ಹರಿಣಾಕ್ಷಿ ನಕ್ಕರು.

"ಸಣ್ಣದಾಯ್ತು ಮಗಾ. ಆಗ ಅವನಿಗೆ ಹದಿನೇಳು."

ಪೂಜಾಶ್ರೀ ಅಜ್ಜಿಯ ಬಡಕಲು ತೋಳುಗಳನ್ನೇ ನೋಡುತ್ತ ನಿಂತಳು. ಆಮೇಲೆ ಮೇಜಿನ ಮೇಲೆ ಉಳಿದ ಮಣ್ಣನ್ನೆಲ್ಲ ಬಾಚಿಕೊಂಡು, ತಾಯಿಯಷ್ಟೇ ಉದ್ದದ ಮಗನನ್ನು ಮಾಡತೊಡಗಿದಳು.